ರೂತವ್ವ ಊದಿದ ಉಸಿರು

"ಅಯ್ಯನವರೇ, ದೇವರ ಉಸಿರು ನನ್ನೊಳಗೇ ಇದ್ದ ಮೇಲೆ ನಾನು ದೇವರಿಗಾಗಿ ಹಂಬಲಿಸುವುದೇಕೆ?"

ಹೀಗೆ ಕೇಳಿದವನು ಫಿಲೆಮೋನ, ಚರ್ಚಿನ ಬೋಧಕನಾಗಲು ಕಲಿಯುತ್ತಿದ್ದ ತರುಣ. ಕೇಳಿಸಿಕೊಂಡವರು ಅವನ ಗುರು ನಥಾನಿಯೇಲ ಅಯ್ಯನವರು.

ಫಿಲೆಮೋನ ಅಷ್ಟಕ್ಕೆ ನಿಲ್ಲಿಸಲಿಲ್ಲ. "ಮಣ್ಣಿನಿಂದ ಮನುಷ್ಯನನ್ನು ಮಾಡಿದ ದೇವರು ಅವನ ಮೂಗಿಗೆ ತನ್ನ ಉಸಿರನ್ನೇ ಊದಿದನೆಂದು ಬೈಬಲಿನಲ್ಲಿ ಓದುತ್ತೇವೆ. ಕಣಿವೆಯಲ್ಲಿ ಬಿದ್ದ ಒಣ ಎಲುಬುಗಳು ಎದ್ದು ನಿಂತದ್ದೂ ಉಸಿರಿನಿಂದಲೇ. ಹೆದರಿ ಬಾಗಿಲು ಹಾಕಿಕೊಂಡು ಕುಳಿತಿದ್ದ ಶಿಷ್ಯರ ಮೇಲೆ, ಸಾವನ್ನು ಗೆದ್ದು ಬಂದ ಯೇಸು ಊದಿದ್ದೂ ಉಸಿರನ್ನೇ. ಉಸಿರು, ಗಾಳಿ, ಆತ್ಮ ಎಲ್ಲಕ್ಕೂ ಬೈಬಲಿನ ಹಳೆಯ ಮೂಲಭಾಷೆಯಲ್ಲಿ ಒಂದೇ ಮಾತು ಎಂದು ನೀವೇ ಕಲಿಸಿದಿರಿ. ಆತನು ಇಷ್ಟು ಒಳಗೆ ಇದ್ದಾನೆ. ಆದರೂ ಮೊಣಕಾಲೂರಿದಾಗಲೆಲ್ಲ ಆತನು ಎಲ್ಲೋ ದೂರದಲ್ಲಿದ್ದಾನೆ ಅನಿಸಿ ಎದೆ ನೋಯುತ್ತದೆ. ನನಗೆ ನಂಬಿಕೆ ಸಾಲದು ಎಂದು ಇದರ ಅರ್ಥವಿರಬೇಕು. ಇಂಥವನು ಬೋಧಕನಾಗುವುದು ಬೇಡ, ಊರಿಗೆ ಹೋಗಿಬಿಡುತ್ತೇನೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು.

"ಒಬ್ಬರ ಮೂಗಿಗೆ ಉಸಿರು ಊದಬೇಕಾದರೆ ಮುಖವನ್ನು ಎಷ್ಟು ಹತ್ತಿರ ತರಬೇಕು, ಯೋಚಿಸಿದ್ದೀಯಾ?" ಎಂದರು. ಉತ್ತರಕ್ಕೆ ಕಾಯದೆ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಕಡಲಿಹಾಳ ಎಂಬ ಊರು. ಅಲ್ಲಿ ರೂತವ್ವ ಎಂಬ ಸೂಲಗಿತ್ತಿ. ಗಂಡನಿಲ್ಲ, ಮಕ್ಕಳಿಲ್ಲ. ಊರಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವರು.

ಒಬ್ಬ ನೇಕಾರನ ಹೆಂಡತಿಗೆ ಹೆರಿಗೆಯಾಯಿತು. ಬಹಳ ಕಷ್ಟದ ಹೆರಿಗೆ. ಹುಟ್ಟಿದ ಹೆಣ್ಣುಮಗು ಅಳಲಿಲ್ಲ. ರೂತವ್ವ ಬೆನ್ನು ತಟ್ಟಿದಳು, ಅಂಗಾಲು ಉಜ್ಜಿದಳು. ಮಗುವಿನ ಮೈ ನೀಲಿಯಾಗುತ್ತ ಬಂತು. ನೇಕಾರ ಹೊರಗೆ ಹೋಗಿ ಗುದ್ದಲಿ ಹುಡುಕತೊಡಗಿದ. ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

ರೂತವ್ವ ಮಗುವಿನ ಬಾಯೊಳಗಿನ ಲೋಳೆ ತೆಗೆದಳು. ಅದರ ಮೂಗು ಬಾಯಿ ಎರಡನ್ನೂ ತನ್ನ ಬಾಯಿಂದ ಮುಚ್ಚಿ ಮೆಲ್ಲಗೆ ಊದಿದಳು. ನಿಲ್ಲಿಸಿ ನೋಡಿದಳು. ಮತ್ತೆ ಊದಿದಳು. ಪಕ್ಕದಲ್ಲಿದ್ದ ಹೆಂಗಸರು, "ಸಾಕು ಬಿಡು, ದೇವರ ಚಿತ್ತ" ಎಂದರು. ಅವಳು ಬಿಡಲಿಲ್ಲ. ಅವಳಿಗೇ ತಲೆ ಸುತ್ತಿ ಕಣ್ಣು ಕತ್ತಲೆ ಬಂದಾಗ ಮಗು ಒಮ್ಮೆ ಬಿಕ್ಕಿತು. ಆಮೇಲೆ ಅತ್ತಿತು.

ಆ ಮಗುವಿಗೆ ಹನ್ನಾ ಎಂದು ಹೆಸರಿಟ್ಟರು. ಅದು ಮಗ್ಗುಲು ಮಗುಚುವ ಮೊದಲೇ ನೇಕಾರನಿಗೆ ದೂರದ ಪೇಟೆಯಲ್ಲಿ ಕೆಲಸ ಸಿಕ್ಕಿತು. ಮಗ್ಗ ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಟುಹೋದರು. ರೂತವ್ವ ಆಗ ಬೇರೆ ಊರಿಗೆ ಹೆರಿಗೆಗೆ ಹೋಗಿದ್ದಳು. ಅವಳಿಗೆ ಹೇಳಿ ಹೋಗುವುದು ಆಗಲಿಲ್ಲ.

ಹನ್ನಾ ಪೇಟೆಯಲ್ಲಿ ಬೆಳೆದಳು. ಹುಟ್ಟಿದಾಗ ನಡೆದದ್ದನ್ನು ಅಪ್ಪನೇ ಅವಳಿಗೆ ಹೇಳಿದ. ಊರಿನ ಹೆಸರು, ಸೂಲಗಿತ್ತಿಯ ಹೆಸರು ಮಾತ್ರ ಅಮ್ಮನಿಗೆ ಅಂಜಿ ಹೇಳಲಿಲ್ಲ. ಅಂದಿನಿಂದ ಅವಳಿಗೆ ಅದೇ ಯೋಚನೆ. ಆ ಹೆಂಗಸು ಹೇಗಿದ್ದಳು? ಅವಳ ದನಿ ಹೇಗಿತ್ತು? ಅಮ್ಮನನ್ನು ಕೇಳಿದರೆ ಅಮ್ಮ ಮುಖ ಗಂಟಿಕ್ಕುತ್ತಿದ್ದಳು.

"ಒಂಬತ್ತು ತಿಂಗಳು ಹೊತ್ತವಳು ನಾನು. ಅವಳು ಊದಿದ್ದು ಒಂದು ಗಳಿಗೆ. ನಾನು ಸಾಲದೇ ನಿನಗೆ?"

ಅಮ್ಮನಿಗೆ ನೋವಾಗುವುದು ನೋಡಿ ಹನ್ನಾ ಕೇಳುವುದನ್ನು ಬಿಟ್ಟಳು. ಹಂಬಲ ಬಿಡಲಿಲ್ಲ. ಅಪ್ಪ ತೀರಿಕೊಂಡ. ಅವಳಿಗೆ ಮದುವೆಯಾಯಿತು. ಗಂಡ ಒಳ್ಳೆಯವನು, ಮನೆಯಲ್ಲಿ ಕೊರತೆ ಇರಲಿಲ್ಲ. ಆದರೂ ಗುಡಿಸುವಾಗ, ನೀರು ಸೇದುವಾಗ, ನಡುವೆ ಕೈ ನಿಂತುಬಿಡುತ್ತಿತ್ತು. ಯಾರೋ ಕರೆದಂತಾಗಿ ಬಾಗಿಲಿಗೆ ಬಂದು ನೋಡುತ್ತಿದ್ದಳು. ಬೀದಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಅಮ್ಮ ಮುದುಕಿಯಾದಳು. ಅವಳನ್ನು ಹನ್ನಾ ತನ್ನ ಮನೆಗೇ ಕರೆತಂದಿದ್ದಳು. ಒಂದು ದಿನ ಮಗಳು ಹಾಗೆ ಬಾಗಿಲಲ್ಲಿ ನಿಂತದ್ದನ್ನು ಮುದುಕಿ ಬಹಳ ಹೊತ್ತು ನೋಡಿದಳು.

"ಕಡಲಿಹಾಳ ಅಂತ ಆ ಊರು. ರೂತವ್ವ ಅಂತ ಅವಳ ಹೆಸರು. ನಾನು ನಿನ್ನ ಆಸೆ ಬಿಟ್ಟಿದ್ದೆ ಹನ್ನಾ, ಅವಳು ಬಿಡಲಿಲ್ಲ. ಅದಕ್ಕೇ ಅವಳ ಹೆಸರು ಹೇಳಲು ನನಗೆ ನಾಲಿಗೆ ಬರುತ್ತಿರಲಿಲ್ಲ. ಹೋಗಿ ಬಾ."

ಹನ್ನಾ ಹೋದಳು. ಆದರೆ ಕಡಲಿಹಾಳ ಅಲ್ಲಿರಲಿಲ್ಲ. ಹೊಳೆಗೆ ಅಣೆಕಟ್ಟು ಕಟ್ಟಿದ್ದರು. ಊರು ನೀರಿನಡಿ ಸೇರಿ, ಜನ ಬೇರೆಬೇರೆ ಕಡೆ ಚೆದುರಿ ಹೋಗಿದ್ದರು. ಅವಳು ಒಂದೊಂದೇ ಹೊಸ ಊರಿಗೆ ನಡೆದು ವಿಚಾರಿಸಿದಳು. ಕೆಲವರು ರೂತವ್ವ ಸತ್ತಿರಬೇಕು ಎಂದರು. ಕೆಲವರಿಗೆ ಆ ಹೆಸರೇ ನೆನಪಿರಲಿಲ್ಲ. ಕಾಲು ಬಾತುಕೊಂಡವು. ಗಂಡ ಹೇಳಿ ಕಳಿಸಿದ: "ಸಾಕು, ಮನೆಗೆ ಬಾ." ಅವಳಿಗೂ ಸಾಕೆನಿಸಿತು. ಹಿಂದಿರುಗಲೆಂದು ಸಂತೆಯ ಬಳಿ ಬಸ್ಸಿಗೆ ಕಾಯುತ್ತ ಕುಳಿತಳು.

ಪಕ್ಕದಲ್ಲಿ ಒಬ್ಬ ಬಳೆಗಾರ್ತಿ ಬುಟ್ಟಿ ಇಳಿಸಿ ಕುಳಿತಿದ್ದಳು. ಹನ್ನಾ ಕೊನೆಯದಾಗಿ ಅವಳನ್ನೂ ಕೇಳಿದಳು. "ಅಕ್ಕಾ, ಕಡಲಿಹಾಳದ ಸೂಲಗಿತ್ತಿ ರೂತವ್ವ ಗೊತ್ತೇ?"

ಬಳೆಗಾರ್ತಿ ಅವಳ ಮುಖವನ್ನೇ ನೋಡಿದಳು. "ಹುಟ್ಟಿದಾಗ ಅಳದೇ ಇದ್ದ ಮಗು ನೀನೇ ಏನು ತಂಗಿ?"

ಹನ್ನಾ ಬಳೆಗಾರ್ತಿಯ ಕೈ ಹಿಡಿದುಕೊಂಡಳು. ಈ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಮುದುಕಿ ನನ್ನನ್ನು ಬಿಟ್ಟರೆ ತಾನೇ! ಬಳೆ ಮಾರಲು ಯಾವ ಊರಿಗೆ ಹೊರಟರೂ ಅದೇ ಮಾತು. 'ಅಲ್ಲಿ ನೇಕಾರರ ಕೇರಿಯಲ್ಲಿ ಕೇಳು, ಹುಟ್ಟಿದಾಗ ಅಳದ ಹುಡುಗಿ ಇದ್ದಾಳಾ ಎಂದು.' ಗಾಡಿಯವರಿಗೆ, ಉಪ್ಪು ಮಾರುವವರಿಗೆ, ಬಸ್ಸಿನವರಿಗೆ, ಎಲ್ಲರಿಗೂ ಹೇಳಿಟ್ಟಿದ್ದಾಳೆ. ನಡೆಯುವ ಶಕ್ತಿ ಇದ್ದಾಗ ತಾನೇ ಊರೂರು ಅಲೆಯುತ್ತಿದ್ದಳಂತೆ. ನಡಿ, ಆ ಗುಡ್ಡದ ಆಚೆಗೇ ಇದ್ದಾಳೆ."

ರೂತವ್ವ ಒಂದು ಜೋಪಡಿಯ ಮುಂದೆ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಹೋಗಿತ್ತು. ಉಸಿರಾಡುವಾಗ ಎದೆ ಸುಯ್ಯೆನ್ನುತ್ತಿತ್ತು. ಹನ್ನಾ ಹತ್ತಿರ ಹೋಗಿ ಕುಕ್ಕರಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು.

"ಅವ್ವಾ, ನಾನು ನೇಕಾರರ ಮಗಳು" ಎಂದಳು.

ಮುದುಕಿ ಕೈ ಚಾಚಿದಳು. ಹನ್ನಾಳ ಹಣೆ, ಕಣ್ಣು, ಮೂಗು ಎಲ್ಲವನ್ನೂ ಮುಟ್ಟಿ ನೋಡಿದಳು. ಮೂಗಿನ ಕೆಳಗೆ ಬೆರಳು ಇಟ್ಟು ಹಾಗೆಯೇ ಕುಳಿತಳು. ಬೆರಳಿಗೆ ಬಿಸಿ ಉಸಿರು ತಾಕುತ್ತಿತ್ತು.

"ಇದೆ, ಇನ್ನೂ ಇದೆ" ಎಂದು ಅತ್ತಳು.

ಹನ್ನಾಳೂ ಅತ್ತಳು. "ಹುಟ್ಟಿದಂದಿನಿಂದ ನಿನ್ನದೇ ಹಂಬಲ ಅವ್ವಾ. ಹುಡುಕಿ ಹುಡುಕಿ ಸಾಕಾಗಿ ವಾಪಸು ಹೊರಟಿದ್ದೆ."

"ನೀನು ನಡೆಯಲು ಕಲಿಯುವ ಮೊದಲೇ ನಾನು ಹುಡುಕಲು ಶುರು ಮಾಡಿದ್ದೆ ಮಗಳೇ. ತಾವಾಗಿ ಅತ್ತ ಮಕ್ಕಳನ್ನು ಅವರ ತಾಯಂದಿರ ಕೈಗೆ ಕೊಟ್ಟು ಕೈತೊಳೆದುಕೊಂಡು ಬಂದೆ. ನಿನ್ನನ್ನು ಹಾಗೆ ಬಿಟ್ಟು ಬರಲು ಆಗಲಿಲ್ಲ. ನನ್ನೊಳಗಿನದು ನಿನ್ನೊಳಗೆ ಹೋಗಿತ್ತಲ್ಲ."

ಹನ್ನಾ ಅವಳನ್ನು ತನ್ನ ಮನೆಗೆ ಕರೆದೊಯ್ದಳು. ಅಮ್ಮ ಎದ್ದು ಬಂದು ತನ್ನ ಹಾಸಿಗೆಯ ಅರ್ಧವನ್ನು ರೂತವ್ವನಿಗೆ ಬಿಟ್ಟುಕೊಟ್ಟಳು. ಇಬ್ಬರು ಮುದುಕಿಯರೂ ಒಂದೇ ಕಂಬಳಿಯಡಿ ಬಹಳ ಕಾಲ ಬದುಕಿದರು. ಹನ್ನಾ ಮತ್ತೆ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ.

ಗುರುಗಳು ಕತೆ ಮುಗಿಸಿದರು. ಫಿಲೆಮೋನ ತಲೆ ತಗ್ಗಿಸಿಕೊಂಡೇ ಇದ್ದ.

"ಹನ್ನಾಳನ್ನು ಕಾಯುವವರು ಇದ್ದರು, ಅಯ್ಯನವರೇ. ನನ್ನ ಈ ಹಂಬಲವನ್ನು ನಾನು ಏನು ಮಾಡಲಿ?"

"ಅದು ಉಸಿರು ಊದಿದಾತನದಲ್ಲ, ನಿನ್ನ ಹಂಬಲ ಎಂದು ನಿನಗೆ ಯಾರು ಹೇಳಿದರು, ಫಿಲೆಮೋನ?"