ಏಳನೆಯ ಎಂಜಿನ್ನಿನ ಖಾಲಿ ಪುಸ್ತಕ

"ಗುರುಗಳೇ, ಮೂರು ವರ್ಷದಲ್ಲಿ ನನ್ನ ಮೇಲೆ ಒಂದೇ ಒಂದು ದೂರು ಬಂದಿಲ್ಲ. ಇನ್ನು ನಾನು ಕಿರಿಯರಿಗೆ ಪಾಠ ಹೇಳಬಹುದಲ್ಲವೇ?" ಎಂದು ಮಠದ ಶಿಷ್ಯ ಗುರುಪಾದ ಕೇಳಿದ.

ಆ ಮಠದಲ್ಲಿ ಒಂದೊಂದು ಕೋಣೆಗೆ ಇಬ್ಬರು ಶಿಷ್ಯರು. ಜೊತೆಗಾರನಲ್ಲಿ ಕಂಡ ತಪ್ಪನ್ನು ಹುಣ್ಣಿಮೆಯ ದಿನ ಎಲ್ಲರೆದುರು ಹೇಳಬೇಕೆಂಬುದು ಪದ್ಧತಿ. ಉಳಿದವರ ಮೇಲೆ ದೂರುಗಳು ಧಾರಾಳವಾಗಿ ಬರುತ್ತಿದ್ದವು. ಗುರುಪಾದನ ಜೊತೆಗಾರ ಬಸವಂತ ಮಾತ್ರ ಪ್ರತಿ ಸಲವೂ "ನನ್ನದೇನೂ ಇಲ್ಲ" ಎಂದು ಕೂತುಬಿಡುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು. ಮಠಕ್ಕೆ ಬರುವ ಮೊದಲು ಅವರು ರೈಲ್ವೆಯಲ್ಲಿದ್ದವರು. ಕತೆಯನ್ನೂ ಅಲ್ಲಿಂದಲೇ ತೆಗೆದರು.

ಒಬ್ಬ ಎಂಜಿನಿಯರ್ ಇದ್ದ. ಪ್ರಯಾಣಿಕರ ಗಾಡಿ ಎಳೆಯಲು ಹೊಸ ಬಗೆಯ ವಿದ್ಯುತ್ ಎಂಜಿನ್ನಿನ ನಕ್ಷೆ ಬರೆದ. ಮೊದಲಿಗೆ ಹನ್ನೆರಡು ಎಂಜಿನ್ ಕಟ್ಟಿ ಘಟ್ಟದ ದಾರಿಗೆ ಬಿಟ್ಟರು. ಒಂದೊಂದಕ್ಕೂ ಅದರದೇ ಚಾಲಕ, ಅದರದೇ ದೂರು ಪುಸ್ತಕ. ಕಂಡ ದೋಷವನ್ನು ಚಾಲಕ ಅದರಲ್ಲಿ ಬರೆಯಬೇಕು. ವರ್ಷ ಕಳೆಯುವಷ್ಟರಲ್ಲಿ ಹನ್ನೊಂದು ಪುಸ್ತಕಗಳೂ ಒಂದೇ ರಾಗ ಹಾಡಿದವು: ಏರಿನಲ್ಲಿ ನಿಂತು ಹೊರಡುವಾಗ ಗಾಲಿ ಜಾರುತ್ತದೆ. ಏಳನೆಯ ಎಂಜಿನ್ನಿನ ಪುಸ್ತಕ ಮಾತ್ರ ಖಾಲಿ.

ಎಂಜಿನಿಯರಿಗೆ ಕುತೂಹಲ ತಡೆಯಲಾಗಲಿಲ್ಲ. ಏಳನೆಯದನ್ನು ಬಿಚ್ಚಿಸಿ ಮೋಟಾರು, ಸ್ಪ್ರಿಂಗು, ಗಾಲಿ ಎಲ್ಲವನ್ನೂ ಅಳೆದ. ಎಲ್ಲೋ ಕೂದಲೆಳೆಯಷ್ಟು ವ್ಯತ್ಯಾಸ ಸಿಕ್ಕಿತು. ಗುಟ್ಟು ಇದೇ ಎಂದು ಹಿಗ್ಗಿದ. ಅದೇ ಅಳತೆಯಲ್ಲಿ ಇನ್ನೂ ಅರವತ್ತು ಎಂಜಿನ್ ಕಟ್ಟಲು ನಕ್ಷೆ ಸಿದ್ಧವಾಯಿತು, ಅವನ ಸಹಿಯೊಂದು ಬಾಕಿ. ಸಹಿಗೆ ಮುನ್ನ ಒಮ್ಮೆ ಕೂತು ನೋಡೋಣವೆಂದು ಏಳನೆಯದನ್ನು ಹತ್ತಿದ. ಅಲ್ಲಿಯವರೆಗೆ ಅವನು ಅದನ್ನು ಬಿಚ್ಚಿ ನೋಡಿದ್ದನೇ ಹೊರತು ಅದರಲ್ಲಿ ಹೋಗಿರಲಿಲ್ಲ.

ಏರಿನ ನಡುವಿನ ನಿಲ್ದಾಣ ಬಂತು. ಹೊರಡುವ ಮೊದಲು ಚಾಲಕ ಬೂಟು ಕಳಚಿ ಪಕ್ಕಕ್ಕಿಟ್ಟ. ಬರಿಗಾಲನ್ನು ಕಬ್ಬಿಣದ ನೆಲಕ್ಕೆ ಒತ್ತಿ, ವೇಗದ ಹಿಡಿಕೆಯನ್ನು ತುಸು ತಿರುಗಿಸಿದ, ತಟ್ಟನೆ ಹಿಂದಕ್ಕೆ ತಂದ, ಮತ್ತೆ ತಿರುಗಿಸಿದ. ಗಾಡಿ ನಯವಾಗಿ ಹೊರಟಿತು.

"ಬೂಟು ಯಾಕೆ ಕಳಚಿದಿರಿ?" ಎಂದು ಎಂಜಿನಿಯರ್ ಕೇಳಿದ.

"ಗಾಲಿ ಜಾರೋಕೆ ಮುಂಚೆ ನೆಲ ಸಣ್ಣಗೆ ನಡುಗುತ್ತೆ ಸಾರ್. ಕಾಲಿಗೆ ಗೊತ್ತಾಗುತ್ತೆ. ಆಗ ಹಿಡಿಕೆ ಹಿಂದಕ್ಕೆ ತಗೊಂಡ್ರೆ ಆಯ್ತು."

"ಅಂದರೆ ಇದಕ್ಕೂ ಆ ರೋಗ ಇದೆ. ಪುಸ್ತಕದಲ್ಲಿ ಬರೆಯಬೇಕಿತ್ತಲ್ಲ?"

"ನಾನು ಸಂಭಾಳಿಸ್ತಿದ್ದೀನಲ್ಲ. ನನ್ನ ಎಂಜಿನ್ ಮೇಲೆ ನಾನೇ ದೂರು ಬರೆಯೋದಾ ಸಾರ್?"

ಮರುದಿನ ಎಂಜಿನಿಯರ್ ಬೇರೊಬ್ಬ ಚಾಲಕನನ್ನು ಏಳನೆಯದಕ್ಕೆ ಹತ್ತಿಸಿದ. ಅದೇ ನಿಲ್ದಾಣದಲ್ಲಿ ಗಾಲಿ ಗರಗರನೆ ತಿರುಗಿತು, ಗಾಡಿ ನಿಂತಲ್ಲೇ ನಿಂತಿತು. ಅರವತ್ತು ಎಂಜಿನ್ ಕಟ್ಟಿಸಬಹುದು, ಅರವತ್ತು ಜೊತೆ ಅಂಥ ಕಾಲುಗಳನ್ನು ಎಲ್ಲಿಂದ ತರುವುದು? ಖಾಲಿ ಪುಸ್ತಕದ ಮೊದಲ ಸಾಲನ್ನು ಎಂಜಿನಿಯರೇ ಬರೆದ. ನಕ್ಷೆಯನ್ನು ಹರಿದು ಹಾಕಿದ. ಬರಿಗಾಲಿನ ಆ ಚಾಲಕನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ನಡುಕವನ್ನು ಎಂಜಿನ್ನೇ ಅರಿತು ತನ್ನನ್ನು ತಡೆದುಕೊಳ್ಳುವ ಉಪಾಯ ಹುಡುಕಿದ. ಅದಕ್ಕೆ ಎರಡು ವರ್ಷ ಹಿಡಿಯಿತು. ಆಮೇಲೆಯೇ ಅರವತ್ತು ಎಂಜಿನ್ ಹಳಿಗಿಳಿದವು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ಕಣ್ಣರಳಿಸಿ ಕೇಳುತ್ತಿದ್ದ. ತಾನು ಬಂದ ಕೆಲಸವೇ ಅವನಿಗೆ ಮರೆತಿತ್ತು.

"ಆ ಅರವತ್ತೂ ಈಗ ಹೇಗೆ ಓಡುತ್ತಿವೆ, ಗುರುಗಳೇ?"

"ಚೆನ್ನಾಗಿಯೇ ಓಡುತ್ತಿವೆ, ನಾಳೆ ಬಸವಂತನನ್ನು ಬೇರೆ ಕೋಣೆಗೆ ಕಳಿಸಿ ನಿನ್ನ ಜೊತೆಗೆ ಬೇರೊಬ್ಬನನ್ನು ಇರಿಸುತ್ತೇನೆ, ನಿನ್ನ ಪಾಠದ ಮಾತನ್ನು ಮುಂದಿನ ಹುಣ್ಣಿಮೆಗೆ ಆಡೋಣ."