ಹಾವಾಡಿಗ ಕೊಟ್ಟ ಮಾತು

“ಗುರುಗಳೇ, ದುಃಖಕ್ಕೂ ಒಂದು ಮಿತಿ ಬೇಡವೇ?” ಎಂದು ಮುರುಗಯ್ಯ ಕೇಳಿದ.

ಅವನ ತಂಗಿಯ ಗಂಡ ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ಅಣ್ಣನ ಮನೆಯಲ್ಲೇ ಇದ್ದ ಆಕೆ ಉಣ್ಣಲು ಕುಳಿತರೂ ಅಳುತ್ತಿದ್ದಳು. ಬರುವ ಸೋಮವಾರ ವರ್ಷದ ಕಾರ್ಯ. ಅಂದು ಬಂಧುಗಳ ಎದುರಿಗೆ ಗದರಿಸಿಯಾದರೂ ಸರಿ, ಇನ್ನು ಅಳುವುದಿಲ್ಲವೆಂದು ಆಕೆಯಿಂದ ಆಣೆ ಮಾಡಿಸಬೇಕೆಂದು ಮುರುಗಯ್ಯ ನಿಶ್ಚಯಿಸಿದ್ದ. ಗುರುಗಳ ಒಪ್ಪಿಗೆಯೊಂದು ಬೇಕಿತ್ತು, ಅಷ್ಟೆ.

“ನೀನು ಕೇಳಲು ಬಂದವನಲ್ಲ, ಹೂಂ ಅನ್ನಿಸಿಕೊಂಡು ಹೋಗಲು ಬಂದವನು,” ಎಂದು ಗುರುಗಳು ನಕ್ಕರು. “ಇರಲಿ, ಕೂತುಕೋ. ಈಗ ಹೂಂಗುಟ್ಟುವ ಕೆಲಸ ನಿನ್ನದು.”

ಹೀಗೆಂದು ಅವರು ಕತೆ ಶುರುಮಾಡಿದರು.

ಒಬ್ಬ ಹಾವಾಡಿಗನಿದ್ದ. ಅವನ ಕುಲದಲ್ಲೊಂದು ಕಟ್ಟಳೆಯಿತ್ತು. ಹಾವು ಹಿಡಿದವನು ಹುತ್ತದ ಬಾಯಿಗೆ ನೀರೆರೆದು, ಇಂಥ ದಿನ ತಂದು ಬಿಡುತ್ತೇನೆಂದು ಹಾವಿಗೆ ಮಾತು ಕೊಡಬೇಕು. ಮಾತಿಗೆ ತಪ್ಪಿದವನ ಪುಂಗಿಗೆ ಸ್ವರ ಹತ್ತುವುದಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಅವನೂ ಒಂದು ನಾಗರವನ್ನು ಹಿಡಿದ ದಿನ, “ಆರು ತಿಂಗ್ಳು ನನ್ ಹೊಟ್ಟೆ ನೋಡ್ಕೊ, ತಾಯಿ. ಆರನೇ ಅಮಾಸೆಗೆ ಇಲ್ಲೇ ತಂದು ಬಿಡ್ತೀನಿ,” ಎಂದಿದ್ದ.

ಹಾವು ಅವನಿಗೆ ಒಗ್ಗಿಕೊಂಡಿತು. ಅವನಿಗೂ ಅದೆಂದರೆ ಜೀವ. ಮೈ ತರಚೀತೆಂದು ಬುಟ್ಟಿಯ ಒಳಗೆಲ್ಲ ಸಗಣಿ ಸಾರಿಸಿ, ಒಣಗಿದ ಮೇಲೆ ಅಂಗೈಯಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದ. ಪೊರೆ ಬಿಡುವ ಹಾವಿಗೆ ಮೈ ಉಜ್ಜಲು ಒರಟು ಬೇಕು, ತೇವ ಬೇಕು ಎಂಬುದು ಆ ಮುದ್ದಿನಲ್ಲಿ ಅವನಿಗೆ ಮರೆತೇಹೋಯಿತು.

ಆರನೇ ಅಮಾವಾಸ್ಯೆ ಹತ್ತಿರ ಬಂದಾಗ ಹಾವಿಗೆ ಪೊರೆ ಬಂತು. ಕಣ್ಣುಗಳು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾದವು. ದಿನ ಕಳೆದರೂ ಪೊರೆ ಜಾರಲಿಲ್ಲ. ಅಲ್ಲಲ್ಲಿ ಹರಿದು, ಉಳಿದದ್ದು ಮೈಗೆ ಅಂಟಿಕೊಂಡು ಒಣಗಿತು. ಅಷ್ಟರಲ್ಲಿ ಅಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು.

ಹಾವಾಡಿಗ ಹಾವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟ. ಆಮೇಲೆ ಒದ್ದೆ ಗೋಣಿತಟ್ಟನ್ನು ಎರಡು ಕೈಯಲ್ಲಿ ಸಡಿಲವಾಗಿ ಹಿಡಿದು ಕುಳಿತ. ಅವನು ಎಳೆಯಲಿಲ್ಲ. ಹಾವೇ ತಟ್ಟಿನೊಳಗೆ ತೂರಿ, ನುಸುಳಿ ಹೊರಬಂದು, ಮತ್ತೆ ತೂರುತ್ತಿತ್ತು. ಪ್ರತಿ ಸಲವೂ ಪೊರೆಯ ಒಂದು ತುಣುಕು ಅವನ ಕೈಯಲ್ಲಿ ಉಳಿಯುತ್ತಿತ್ತು. ಹೊತ್ತು ಹುಟ್ಟಿದ್ದು, ಮುಳುಗಿದ್ದು ಅವನಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಬೆರಳುಗಳ ನಡುವೆ ಒಂದು ಹೊಳೆ ಹರಿದುಹೋಗುತ್ತಿದೆ ಎನಿಸುತ್ತಿತ್ತು. ಹರಿಯುತ್ತಿರುವುದು ಹಾವೋ ತಾನೋ ಎಂಬುದೂ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ. ಅಷ್ಟು ಸುಖವಾಗಿ ಅವನು ಹಿಂದೆಂದೂ ಕುಳಿತಿರಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ನೋಡಿದರೆ ಹಾವಿನ ಮೈಯೆಲ್ಲ ಹೊಸದಾಗಿ ಹೊಳೆಯುತ್ತಿತ್ತು. ಎರಡು ಕಣ್ಣುಗಳ ಮೇಲೆ ಮಾತ್ರ ಮೀನಿನ ಹುರುಪೆಯಷ್ಟು ಪೊರೆ ಉಳಿದಿತ್ತು.

“ಬಿಡು, ಮುಂದಿನ ಪೊರೆ ಜೊತೆ ಅದೂ ಹೋಯ್ತದೆ,” ಎಂದಳು ಹೆಂಡತಿ.

“ಅಮಾಸೆ ಇವತ್ತೇ ಅಲ್ವೇನೆ. ಕಣ್ ಕಾಣ್ದೆ ಇರೋದನ್ನ ಹೆಂಗ್ ಬಿಡ್ಲಿ? ಮುಂಗುಸಿ ಬಾಯಿಗೆ ಕೊಟ್ಟಂಗೆ ಆಯ್ತದೆ.”

ಇಷ್ಟು ಹೇಳಿ ಅವನು ಹಾವಿನ ತಲೆಯನ್ನು ಹಿಡಿದು, ಬಲಗಣ್ಣಿನ ಮೇಲಿನ ಪೊರೆಯ ಅಂಚಿಗೆ ಉಗುರು ಹಾಕಿ ಎಬ್ಬಿಸಿದ. ಪೊರೆ ಬಂತು. ಅದರ ಜೊತೆಗೆ ಕಣ್ಣಿನ ಬೆಳಕೂ ಹೋಯಿತು. ಹಾವು ಕಚ್ಚಲಿಲ್ಲ, ಹೆಡೆಯನ್ನೂ ಎತ್ತಲಿಲ್ಲ. ಒಮ್ಮೆ ನಡುಗಿ, ತಲೆಯನ್ನು ಅವನ ಮುಂಗೈ ಕೆಳಗೇ ಹುದುಗಿಸಿಕೊಂಡಿತು. ನೋಯಿಸಿದ ಕೈಯನ್ನು ಬಿಟ್ಟರೆ ಅಡಗಲು ಅದಕ್ಕೆ ಬೇರೆ ಜಾಗವಿರಲಿಲ್ಲ.

ಆದರೂ ಅವನು ಎಡಗಣ್ಣಿಗೆ ಉಗುರು ತಂದ. ಸಂಜೆಯೊಳಗೆ ಹುತ್ತ ಮುಟ್ಟಬೇಕಿತ್ತು. ಇಲ್ಲದಿದ್ದರೆ ನಾಳೆ ಅವನ ಪುಂಗಿ ಮೂಕ, ಕುಲದವರ ನಡುವೆ ಅವನು ಮಾತು ತಪ್ಪಿದವನು.

“ಮಾತು ನಿಂದು,” ಎಂದಳು ಹೆಂಡತಿ. “ಕಣ್ಣು ಅದರದು.”

ಅವನ ಕೈ ನಿಂತಿತು. ಅವನು ಎದ್ದುಹೋಗಿ ಕೈ ತೊಳೆದುಕೊಂಡ. ಸಂಜೆ ಬರಿಗೈಯಲ್ಲಿ ಹುತ್ತಕ್ಕೆ ಹೋಗಿ ನೀರೆರೆದು, ಸುಮ್ಮನೆ ನಿಂತಿದ್ದು ಬಂದ. ಕುಲದವರು ಆಡಿಕೊಂಡರು. ಸ್ವರ ಹೊರಡದಿದ್ದರೆ ಏನು ಗತಿ ಎಂಬ ಭಯದಿಂದ ಅವನು ಪುಂಗಿಯನ್ನು ಬಾಯಿಗೇ ಇಡಲಿಲ್ಲ. ಹೆಂಡತಿ ಈಚಲು ಚಾಪೆ ಹೆಣೆದು ಮಾರಿದಳು. ಅವನು ಬುಟ್ಟಿಯ ನುಣುಪನ್ನು ಕೆರೆದು ತೆಗೆದ. ಒಳಗೊಂದು ಒರಟು ಕಲ್ಲು ಇಟ್ಟ. ದಿನವೂ ಒದ್ದೆ ಬಟ್ಟೆ ಹಾಸಿ ಪಕ್ಕದಲ್ಲಿ ಕುಳಿತಿರುತ್ತಿದ್ದ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನಿಗೆ ಕೂತಲ್ಲೇ ಜೊಂಪು ಹತ್ತಿತು. ಎಚ್ಚರವಾದಾಗ ಬುಟ್ಟಿಯಲ್ಲಿ ಮೂತಿಯಿಂದ ಬಾಲದ ತುದಿಯವರೆಗೆ ಇಡಿಯಾಗಿ ಕಳಚಿದ ಪೊರೆ ಬಿದ್ದಿತ್ತು. ಹಾವು ಎಡಗಣ್ಣಿನಿಂದ ಅವನನ್ನೇ ನೋಡುತ್ತಿತ್ತು. ಆ ಕಣ್ಣು ತಿಳಿಯಾಗಿತ್ತು. ಅಂದು ಯಾವ ತಿಥಿಯೆಂದು ಕೂಡ ಅವನು ಯಾರನ್ನೂ ಕೇಳಲಿಲ್ಲ. ಹಾವನ್ನು ಒಯ್ದು ಹುತ್ತದ ಬಾಯಿಗೆ ಬಿಟ್ಟು, ಅದು ಒಳಗೆ ಹೋಗುವ ತನಕ ನಿಂತು ನೋಡಿ, ಮನೆಗೆ ಬಂದು ಹೊಟ್ಟೆ ತುಂಬ ಉಂಡ. ಪುಂಗಿಯ ಯೋಚನೆ ಅವನಿಗೆ ಬರಲೇ ಇಲ್ಲ.

ಕತೆ ಮುಗಿಯಿತು. ಮುರುಗಯ್ಯ ಹೂಂಗುಟ್ಟುವುದನ್ನು ಯಾವಾಗಲೋ ನಿಲ್ಲಿಸಿದ್ದ. ಅವನ ಮನಸ್ಸು ಆ ಬಲಗಣ್ಣಿನ ಹತ್ತಿರವೇ ನಿಂತುಬಿಟ್ಟಿತ್ತು.

“ಹಾಗಾದರೆ ತಂಗಿಯನ್ನು ಅವಳ ಪಾಡಿಗೆ ಬಿಟ್ಟು ಸುಮ್ಮನಿರಲೇ?” ಎಂದು ಕೊನೆಗೆ ಕೇಳಿದ.

“ಹಾವಾಡಿಗ ಹಾವನ್ನು ಬಿಟ್ಟು ಎದ್ದುಹೋದನೆಂದು ನಾನು ಹೇಳಲಿಲ್ಲವಲ್ಲ. ಹೋಗು, ಅವಳ ಹತ್ತಿರ ಕೂತುಕೋ.”

ಮುರುಗಯ್ಯ ನಮಸ್ಕರಿಸಿ ಎದ್ದ. ಅವನು ಹೊಸಿಲು ದಾಟುವ ಮುಂಚೆ ಗುರುಗಳು ಕೇಳಿದರು:

“ಸೋಮವಾರ ಅವಳ ಅಳು ನಿಲ್ಲಬೇಕಾಗಿರುವುದು ಅವಳಿಗೋ, ನಿನಗೋ?”