ನಳಿಕೆ ತೊಳೆಯುವ ಬೊಮ್ಮನ ಮೂರನೆಯ ಉತ್ತರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಹೇಳಿ ನನಗೆ ರೂಢಿಯಿಲ್ಲ. ಹೇಳಿದ್ದನ್ನೇ ಹೇಳುತ್ತೇನೆ, ಯಾರೂ ಕೇಳದಿದ್ದರೂ ವಿವರಿಸುತ್ತೇನೆ. ಸಹಿಸಿಕೊಳ್ಳಿ.

ಹೊಂಗೆರೆ ರಾಜ್ಯದಲ್ಲಿ ಒಂದು ಬೆಳಿಗ್ಗೆ ಡಂಗುರ ಕೇಳಿಸಿತು. "ಕೇಳ್ರಪ್ಪೋ ಕೇಳಿ! ಚೆನ್ನರಸರ ಅಪ್ಪಣೆ! ಮಹಾರಾಣಿ ಪದುಮಲೆಯವರು ತೀರಿಕೊಂಡು ಇಂದಿಗೆ ವರ್ಷವಾಯಿತು. ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ರಾಣಿ ತೀರಿಕೊಂಡದ್ದು ದೊಡ್ಡಕರುಳಿನ ಕ್ಯಾನ್ಸರಿನಿಂದ. ಅದು ಒಂದೇ ದಿನಕ್ಕೆ ಬರುವುದಲ್ಲ. ಕರುಳಿನ ಒಳಗೋಡೆಯಲ್ಲಿ ಮೊದಲು ಪಾಲಿಪ್ ಎಂಬ ಚಿಕ್ಕ ಗಂಟು ಹುಟ್ಟುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ, ಆಮೇಲೆ ಕೆಡುತ್ತದೆ. ಕೆಡುವ ಮೊದಲೇ ಕಂಡರೆ ಕತ್ತರಿಸಿ ತೆಗೆಯಬಹುದು. ಕಾಣಲಿಕ್ಕೆಂದೇ ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ಉದ್ದನೆಯ ನಳಿಕೆಯನ್ನು ಹಿಂಬದಿಯಿಂದ ಒಳಗೆ ಬಿಟ್ಟು, ಪರದೆಯ ಮೇಲೆ ನೋಡುತ್ತಾರೆ. ಅದೇ ಕೊಲೊನೊಸ್ಕೋಪಿ. ಅರಸರ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಎನ್ನಬೇಡಿ. ಕತೆಯ ಅರಮನೆ, ಇತ್ತು. ನಾಲ್ಕು ವರ್ಷದ ಹಿಂದೆ ರಾಜವೈದ್ಯ ವಾಗೀಶ ಪಂಡಿತರು ರಾಣಿಯನ್ನು ಹೀಗೆ ಪರೀಕ್ಷಿಸಿ, "ಏನೂ ಇಲ್ಲ ತಾಯಿ" ಎಂದಿದ್ದರು.

ಆ ನಳಿಕೆಯನ್ನು ತೊಳೆಯುವವನು ಬೊಮ್ಮ. ಡಂಗುರ ಕೇಳಿದಾಗ ಅವನ ಕೈಯಲ್ಲಿ ಬ್ರಷ್ಷಿತ್ತು. ಅದನ್ನು ಕೆಳಗಿಟ್ಟು ಸಭೆಗೆ ಹೊರಟ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಸಭೆಯಲ್ಲಿ ವೈದ್ಯರು ಸಾಲಾಗಿ ನಿಂತಿದ್ದರು. ಉತ್ತರವನ್ನು ಅರಸನ ಕಿವಿಯಲ್ಲಿ ಹೇಳಬೇಕು. ಗಟ್ಟಿಯಾಗಿ ಹೇಳಿದರೆ ಮುಂದಿನವನು ಕದಿಯುತ್ತಾನಲ್ಲ, ಅದಕ್ಕೆ.

"ಗೋಡೆಯ ಬಣ್ಣವೇ ಅದರ ಬಣ್ಣ," ಎಂದ ಅರಸ. "ಬೆಳಕು ಪೂರ್ತಿ ಇದ್ದಾಗ ಅಡಗಿರುತ್ತದೆ. ಬೆಳಕಿನಿಂದ ಕೆಂಪನ್ನು ಕಿತ್ತುಕೊಂಡರೆ ಸಿಕ್ಕಿಬೀಳುತ್ತದೆ. ಏನದು?"

ಪಕ್ಕದ ರಾಜ್ಯದ ಯುವ ವೈದ್ಯನೊಬ್ಬ ಬಗ್ಗಿ ಪಿಸುಗುಟ್ಟಿದ. "ನೆರಳಂತೆ," ಎಂದು ಅರಸ ಸಭೆಗೆ ಹೇಳಿದ. ಯಾರೂ ನಗಲಿಲ್ಲ. ಭಟರು ಅವನನ್ನು ಎಳೆದೊಯ್ದರು.

ಮುಂದಿನವನು ಮೊದಲನೆಯದನ್ನು ಬಿಡಿಸಿದ. ಅರಸ ಎರಡನೆಯದನ್ನು ಕೇಳಿದ. "ಅದು ಬಣ್ಣ, ಆದರೆ ಹಿಡಿಯುವುದಿಲ್ಲ. ನೀರು ಹಾಕಿದರೆ ಹೋಗುತ್ತದೆ. ಆದರೂ ಅಡಗಿದವನ ಸುತ್ತ ಗೆರೆ ಎಳೆದು ತೋರಿಸುತ್ತದೆ. ಯಾವ ಬಣ್ಣ?"

ಉತ್ತರ ಕೇಳಿ ಅರಸ ತಲೆಯಾಡಿಸಿದ. "ಅರಿಶಿನ ಹಿಡಿಯುತ್ತದಯ್ಯಾ. ಮನೆಯಲ್ಲಿ ಹೆಂಡತಿಯನ್ನು ಕೇಳಿ ಬರಬೇಕಿತ್ತು." ಕೇಳಲು ಅವನು ಮನೆಗೆ ಹೋಗಲಿಲ್ಲ.

ಆಮೇಲೆ ವಾಗೀಶ ಪಂಡಿತರು ಬಂದರು. ಎರಡನ್ನೂ ತಡವರಿಸದೆ ಬಿಡಿಸಿದರು. ಅರಸನ ಮುಖ ಇನ್ನಷ್ಟು ಕಪ್ಪಿಟ್ಟಿತು.

"ಮೂರನೆಯದು. ಪರೀಕ್ಷೆಯ ದಿನ ಆ ಕೋಣೆಯಲ್ಲಿ ರಾಣಿಯನ್ನು ಉಳಿಸುವಂಥದ್ದು ಒಂದಿತ್ತು. ಅದಕ್ಕೆ ಖರ್ಚಿಲ್ಲ, ಶ್ರಮವಿಲ್ಲ, ಹತ್ತಿರವೇ ಇತ್ತು. ಯಾರೂ ಬಳಸಲಿಲ್ಲ. ಏನದು?"

ಪಂಡಿತರು ಕಿವಿಯಲ್ಲಿ ಹೇಳುವುದನ್ನೂ ಮರೆತರು. "ದೇವರ ದಯೆ, ಪ್ರಭು."

"ಹಾಗಾದರೆ ಮೊದಲೆರಡೂ ನಿಮಗೆ ಗೊತ್ತಿತ್ತು, ಪಂಡಿತರೇ."

"ಗೊತ್ತಿತ್ತು."

"ಮತ್ತೆ ಅವತ್ತು ಯಾಕೆ ಬಳಸಲಿಲ್ಲ?"

"ಅವತ್ತು ಹೊರಗೆ ಇನ್ನೂ ಹನ್ನೊಂದು ಮಂದಿ ಕಾಯುತ್ತಿದ್ದರು, ಪ್ರಭು."

ಅವರನ್ನೂ ಕರೆದೊಯ್ದರು. ಸಾಲು ಕರಗಿತು. ಉಳಿದವನು ಬೊಮ್ಮನೊಬ್ಬನೇ.

ಬಾಗಿಲ ಭಟ ಕಿಸಕ್ಕನೆ ನಕ್ಕ. "ಏನೋ ತೊಳೆಯೋನೇ, ತಲೆ ಭಾರವಾಯ್ತೇನೋ?"

"ಆಗಿದೆ ಅಣ್ಣಾ. ನಾಲ್ಕು ವರ್ಷವಾಯ್ತು."

ನಳಿಕೆ ತೊಳೆಯುವವನನ್ನು ಅರಸನ ಕಿವಿಯ ಹತ್ತಿರ ಬಿಡುವುದಿಲ್ಲ. ನಿಂತಲ್ಲಿಂದಲೇ ಗಟ್ಟಿಯಾಗಿ ಹೇಳಿದ.

"ಮೊದಲನೆಯದು ಚಪ್ಪಟೆ ಪಾಲಿಪ್, ಬುದ್ಧಿ. ತೊಟ್ಟು ಇರೋ ಗಂಟು ಎಂಥವರಿಗೂ ಕಾಣುತ್ತೆ. ಇದು ಗೋಡೆಗೆ ಅಂಟಿಕೊಂಡು ಗೋಡೆಯಂತೇ ಇರುತ್ತೆ. ನಳಿಕೆಯ ಹಿಡಿಯಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಕೆಂಪು ಹೋಗಿ ನೀಲಿ, ಹಸಿರು ಬೆಳಕಷ್ಟೇ ಉಳಿಯುತ್ತೆ. ರಕ್ತ ಆ ಬೆಳಕನ್ನು ಕುಡಿಯುತ್ತೆ. ಪಾಲಿಪ್ಪಿನಲ್ಲಿ ರಕ್ತದ ಎಳೆಗಳು ಜಾಸ್ತಿ, ಅದಕ್ಕೇ ಕಂದು ಮಚ್ಚೆಯ ಹಾಗೆ ಎದ್ದು ಕಾಣುತ್ತೆ."

"ಎರಡನೆಯದು?"

"ಇಂಡಿಗೋ ಕಲಸಿದ ನೀಲಿ ನೀರು. ನಳಿಕೆಯೊಳಗಿಂದಲೇ ಚಿಮುಕಿಸೋದು. ಕರುಳು ಅದನ್ನು ಹೀರೋದಿಲ್ಲ. ಹೊಸದಾಗಿ ಉಳಿ ಹೊಡೆಸಿದ ಒರಳಿನ ಗುಳಿಗಳಲ್ಲಿ ನೀರು ನಿಲ್ಲೋ ಹಾಗೆ ತಗ್ಗುಗಳಲ್ಲಿ ನಿಂತು, ಪಾಲಿಪ್ಪಿನ ಅಂಚನ್ನು ತೋರಿಸುತ್ತೆ."

ಅರಸ ಮುಂದಕ್ಕೆ ಬಾಗಿದ. "ಮೂರನೆಯದು?"

"ಬುದ್ಧಿಯವರು ಉತ್ತರ ಆ ಗುಂಡಿ ಅಂತ ಅಂದುಕೊಂಡಿದ್ದೀರಿ."

"ಹೌದು, ಗುಂಡಿಯೇ."

"ಗುಂಡಿ ಪಂಡಿತರ ಬೆರಳ ಹತ್ತಿರ ಇತ್ತು. ಅದಕ್ಕಿಂತ ಹತ್ತಿರ ಇನ್ನೊಂದಿತ್ತು. ನನ್ನ ನಾಲಿಗೆ. ನಳಿಕೆ ಹೊರಗೆಳೆಯುವಾಗ ಒಂದು ಮಡಿಕೆಯ ಹಿಂದೆ ಏನೋ ಚೂರು ಕಂಡಿತು, ಲೋಳೆ ಅಂಟಿದ ಹಾಗೆ. ದಿನಾ ಪರದೆ ನೋಡಿ ನೋಡಿ ನನಗೂ ಅಷ್ಟು ಗೊತ್ತಾಗುತ್ತೆ. 'ಅಯ್ಯಾ, ಒಂದ್ಸಲ ನೀಲಿ ಮಾಡಿ' ಅಂದಿದ್ದರೆ ಸಾಕಿತ್ತು. ತೊಳೆಯೋನು ಆ ಕೋಣೆಯಲ್ಲಿ ಮಾತಾಡೋದಿಲ್ಲ. ನಾನೂ ಆಡಲಿಲ್ಲ."

ಅರಸ ಎದ್ದು ನಿಂತ. ಕತ್ತಿ ಹಿಡಿದವನು ಅರಸನ ಮುಖವನ್ನೇ ನೋಡುತ್ತಿದ್ದ. ಬೊಮ್ಮ ಕತ್ತು ಬಗ್ಗಿಸಿದ. ಬಗ್ಗಿಸಿದ್ದು ನಮಸ್ಕಾರಕ್ಕಲ್ಲ.

"ಸರಿ," ಎಂದ ಅರಸ ಕೊನೆಗೆ. "ಉತ್ತರ ಸರಿ. ಬೇಡು."

"ಆ ಕೋಣೆಯಲ್ಲಿ ಯಾರು ಬೇಕಾದರೂ, ತೊಳೆಯೋನು ಕೂಡ, 'ನಿಲ್ಲಿ, ಇನ್ನೊಮ್ಮೆ ನೋಡಿ' ಅನ್ನಬಹುದು. ಅಂದರೆ ವೈದ್ಯರು ನಿಲ್ಲಲೇಬೇಕು. ಅಷ್ಟು ಕೊಡಿ."

ಅರಸ ಕೊಟ್ಟ. ಮೇಲೊಂದು ರೇಷ್ಮೆ ಶಾಲನ್ನೂ ಭಟನ ಕೈಯಲ್ಲಿ ಕಳಿಸಿದ. ಬೊಮ್ಮನ ಮುಖವನ್ನು ಮಾತ್ರ ಮತ್ತೆಂದೂ ನೋಡಲಿಲ್ಲ.

ಹಾಗಾದರೆ ಬೊಮ್ಮ ಗೆದ್ದನೋ ಸೋತನೋ? ಇದನ್ನೂ ವಿವರಿಸಬೇಕು. ಬಾಯಿ ತೆರೆಯಬಹುದು ಎಂದು ಅಪ್ಪಣೆಯಾದ ಮಾತ್ರಕ್ಕೆ ಬಾಯಿ ತೆರೆದುಕೊಳ್ಳುವುದಿಲ್ಲ. ಯಾಕೆಂದರೆ ಮರುದಿನ ಹೊಸ ವೈದ್ಯರು ಬಂದರು, ಹೊರಗೆ ಹನ್ನೆರಡು ಮಂದಿ ಕಾಯುತ್ತಿದ್ದರು, ಪರದೆಯ ಮೂಲೆಯಲ್ಲಿ ಮತ್ತೊಂದು ಚೂರು ಕಂಡಿತು, ಆಗ ಬೊಮ್ಮ...

"ಏಯ್, ನಳಿಕೆ ತೊಳೆದಾಯ್ತೇನೋ? ಮುಂದಿನವರನ್ನು ಮಲಗಿಸಿಯಾಯ್ತು!"

ಬಂದೆ ಅಯ್ಯಾ.